ಮಲೆನಾಡ ಮಳೆಯೂ ಮುನಿದ ಕಿಡಿಯೂ

ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಒಣಗಿದ ವಸ್ತುವಿಗಾಗಿ ಅಡಿಗೆಮನೆಯ ಅಟ್ಟವನ್ನೇ ಹುಡುಕಬೇಕು. ಆಗುಂಬೆಯಲ್ಲಂತೂ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ಮೀರುತ್ತದೆ. ಇಂಥ ಸೀಮೆಯ ಕೆಲವು ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಹಳೆಯ ಪೆಟ್ರೋಲ್ ಜೀಪೊಂದು ನಿಂತಿರುವುದುಂಟು. ಬೇಸಗೆಯಲ್ಲಿ ಅದು ಸಾಧುಪ್ರಾಣಿ. ಮಳೆಗಾಲದಲ್ಲಿ ಅದರ ಸ್ವಭಾವವೇ ಬೇರೆ. ರೋಗಿಯೊಬ್ಬರನ್ನು ಮಲಗಿಸಿಕೊಂಡು ರಾತ್ರಿ ಮಣಿಪಾಲದತ್ತ ಹೊರಟ ಜೀಪು ಆಗುಂಬೆ ಘಾಟಿಯ ತಿರುವಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟರೆ ಏನು ಗತಿ? ಮೆಕ್ಯಾನಿಕ್ಕು ಹತ್ತಿರದಲ್ಲಿಲ್ಲ, ಫೋನಿಗೆ ಸಿಗ್ನಲ್ಲು ಇದ್ದರೆ ಅದೃಷ್ಟ. ಬಾನೆಟ್ಟು ಎತ್ತುವವನಿಗೆ ಹುಡುಕಾಟವನ್ನು ಎಲ್ಲಿಂದ ತೊಡಗಬೇಕೆಂಬುದಾದರೂ ತಿಳಿದಿರಬೇಕು.

ನಮ್ಮವರಲ್ಲಿ ಒಂದು ರೂಢಿ ಬೆಳೆದಿದೆ: ಎಂಜಿನ್ನು ನಿಂತೊಡನೆ ಕಾರ್ಬುರೇಟರನ್ನು ಬಿಚ್ಚುವುದು. ಅದರಲ್ಲಿ ಕಸವಿದ್ದರೂ ಇರಬಹುದು. ಆದರೆ ಮಳೆಯಲ್ಲಿ ತೊಯ್ದ ಗಾಡಿಯಲ್ಲಿ ಮೊದಲು ಸಂದೇಹಪಡಬೇಕಾದದ್ದು ಪೆಟ್ರೋಲನ್ನಲ್ಲ, ಅದನ್ನು ಹೊತ್ತಿಸುವ ಕಿಡಿಯನ್ನು.

ಈ ಕಿಡಿಯ ಏರ್ಪಾಡು ಅಮೆರಿಕದ ಚಾರ್ಲ್ಸ್ ಕೆಟರಿಂಗನ ಕಾಣಿಕೆ. 1910ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂದಿತು. ಬ್ಯಾಟರಿಯ 6 ಅಥವಾ 12 ವೋಲ್ಟಿನ ವಿದ್ಯುತ್ತು ಕಾಯಿಲಿನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿದು, 'ಪಾಯಿಂಟು' ಎಂಬ ಪುಟ್ಟ ಬಾಗಿಲಿನ ಮೂಲಕ ಗಾಡಿಯ ಮೈಗೆ ಇಳಿಯುತ್ತದೆ. ತಿರುಗುವ ಕ್ಯಾಮು ಆ ಬಾಗಿಲನ್ನು ಥಟ್ಟನೆ ತೆರೆದಾಗ ಹರಿವು ಕಡಿದು ಕಾಯಿಲಿನ ಕಾಂತಶಕ್ತಿ ಕುಸಿಯುತ್ತದೆ. ಆ ಕುಸಿತವೇ ಪಕ್ಕದ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳಲ್ಲಿ 15-20 ಸಾವಿರ ವೋಲ್ಟನ್ನು ಹುಟ್ಟಿಸುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುವ ರೋಟರು ಅದನ್ನು ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ, ಪಂಕ್ತಿಯಲ್ಲಿ ಬಡಿಸುವವನ ಹಾಗೆ; ಆದರೆ ಇಲ್ಲಿನ ಸರದಿ 1-3-4-2. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಬೇಕಾಗುವ ಕಿಡಿಗಳು 4,000. ಈ ರಗಳೆಯೇ ಬೇಡವೆಂದು ಡೀಸೆಲ್ ಎಂಜಿನ್ನು ಕೂರಿಸಿಕೊಂಡ ಜೀಪುಗಳೂ ಇವೆ. ಅಲ್ಲಿ ಕಿಡಿಯ ಪ್ರಸಂಗವೇ ಇಲ್ಲ.

ಪರೀಕ್ಷೆಗೆ ಮೊದಲು ಹಾರನ್ನು ಒತ್ತಿ ನೋಡಬೇಕು. ದನಿ ಕುಗ್ಗಿದ್ದರೆ ಬ್ಯಾಟರಿಯನ್ನೂ ಅದರ ತುದಿಗಳನ್ನೂ ವಿಚಾರಿಸಿಕೊಳ್ಳಬೇಕು. ಅನಂತರ ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ರಬ್ಬರು ಹಿಡಿಯ ಇಕ್ಕುಳದಲ್ಲಿ ಅದರ ಲೋಹದ ತುದಿಯನ್ನು ಎಂಜಿನ್ನಿನ ಮೈಯಿಂದ ಕಾಲು ಅಂಗುಲ ದೂರ ಹಿಡಿದು, ಇನ್ನೊಬ್ಬರಿಂದ ಹ್ಯಾಂಡಲು ಹೊಡೆಸಬೇಕು. ಒದ್ದೆ ಕೈ ಸಲ್ಲದು. ಚೆಲ್ಲಿದ ಪೆಟ್ರೋಲಿನ ಬಳಿ ಈ ಪ್ರಯೋಗವೇ ಸಲ್ಲದು. ಚಟಚಟನೆ ನೀಲಿ ಕಿಡಿ ಹಾರಿದರೆ ಕ್ಷೇಮ. ಸಣಕಲು ಹಳದಿ ಕಿಡಿ ರೋಗದ ಲಕ್ಷಣ. ಬಯಲಿನಲ್ಲಿ ಕೂದಲಷ್ಟು ಸಂದನ್ನು ದಾಟುವ ಬಡಕಿಡಿ ಸಿಲಿಂಡರಿನೊಳಗೆ ಒತ್ತಿದ ಗಾಳಿಯ ನಡುವೆ ಸೋತುಹೋಗುತ್ತದೆ. ಕಾಲು ಅಂಗುಲದ ಅಂತರ ಬೇಕೆಂಬುದು ಇದಕ್ಕಾಗಿಯೇ.

ಕಿಡಿ ಕಾಣದಿದ್ದರೆ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ನಡುಮಧ್ಯಕ್ಕೆ ಬರುವ ದಪ್ಪ ತಂತಿಯನ್ನು ಹಾಗೆಯೇ ಪರೀಕ್ಷಿಸಬೇಕು. ಅಲ್ಲಿ ಕಿಡಿಯಿದ್ದು ಪ್ಲಗ್ಗಿನಲ್ಲಿ ಇಲ್ಲವಾದರೆ ಕಳ್ಳ ನಡುವೆಯೇ ಅಡಗಿದ್ದಾನೆ: ಮುಚ್ಚಳ, ರೋಟರು ಅಥವಾ ತಂತಿಗಳು. ಮಲೆನಾಡಿನ ಮಳೆಯ ಕಾಟವೆಲ್ಲ ಇಲ್ಲಿಯೇ. ಧೂಳು ಮೆತ್ತಿದ ಮುಚ್ಚಳದ ಮೇಲೆ ತೇವ ಕೂತರೆ ವಿದ್ಯುತ್ತಿಗೆ ಅದೇ ಸುಲಭದ ಒಳದಾರಿ. ಅದು ಪ್ಲಗ್ಗಿನವರೆಗೆ ಹೋಗುವ ಶ್ರಮವನ್ನೇ ತೆಗೆದುಕೊಳ್ಳುವುದಿಲ್ಲ. ಕತ್ತಲೆಯಲ್ಲಿ ಹ್ಯಾಂಡಲು ಹೊಡೆದರೆ ಮುಚ್ಚಳದ ಮೇಲೆ ಮಿಣುಕು ಹರಿದಾಡುವುದು ಕಣ್ಣಿಗೇ ಬೀಳಬಹುದು. ಮುಚ್ಚಳವನ್ನು ಒಳಗೂ ಹೊರಗೂ ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಗಾಡಿ ಅಲ್ಲಿಯೇ ಗುಟುರು ಹಾಕುತ್ತದೆ. ಒಳಗೆ ಸೀಸದ ಕಡ್ಡಿಯಿಂದ ಎಳೆದಂಥ ಕಪ್ಪು ಗೆರೆ ಕಂಡರೆ ಮಾತ್ರ ಒರೆಸಿ ಫಲವಿಲ್ಲ. ಮುಚ್ಚಳ ಸುಟ್ಟು ಬಿರಿದಿದೆ, ಬದಲಿಸಲೇಬೇಕು.

ಕಾಯಿಲಿನ ತಂತಿಯಲ್ಲೂ ಕಿಡಿಯಿಲ್ಲವೆ? ಆಗ ಬ್ಯಾಟರಿಗೆ ತಕ್ಕ ಒಂದು ಚಿಕ್ಕ ಬಲ್ಬು ಸಾಕು. ಇಗ್ನಿಷನ್ನಿನ ಕೀಲಿ ತಿರುಗಿಸಿ, ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತಿರುಪಿಗೆ ಬಲ್ಬಿನ ಒಂದು ತಂತಿ, ಗಾಡಿಯ ಮೈಗೆ ಇನ್ನೊಂದು. ಹ್ಯಾಂಡಲು ತಿರುಗಿದಂತೆ ದೀಪ ಹೊತ್ತಿ ಆರಬೇಕು. ಸದಾ ಹೊತ್ತಿಯೇ ಇದ್ದರೆ ಪಾಯಿಂಟು ಮುಚ್ಚುತ್ತಿಲ್ಲ, ಇಲ್ಲವೆ ಅದರ ಮುಖಕ್ಕೆ ಕಿಲುಬು ಹಿಡಿದಿದೆ. ಹೊತ್ತುವುದೇ ಇಲ್ಲವಾದರೆ ಕಾಯಿಲಿನವರೆಗೆ ವಿದ್ಯುತ್ತು ಬಾರದಿರಬಹುದು, ಕಾಯಿಲಿನೊಳಗೆ ತಂತಿ ಕಡಿದಿರಬಹುದು, ಪಾಯಿಂಟು ತೆರೆಯದಿರಬಹುದು, ಇಲ್ಲವೆ ಕಂಡೆನ್ಸರು ಕೆಟ್ಟು ವಿದ್ಯುತ್ತು ನೇರ ಮೈಗೆ ಇಳಿಯುತ್ತಿರಬಹುದು.

ಕಂಡೆನ್ಸರಿನ ಬಗ್ಗೆ ಇನ್ನೊಂದು ಮಾತು. ಪಾಯಿಂಟು ತೆರೆಯುವಾಗ ಅಲ್ಲಿ ಬೆಂಕಿ ಹಾರದಂತೆ ತಡೆಯುವುದು ಅದರ ಕೆಲಸ. ಹೊಸ ಪಾಯಿಂಟು ಕೆಲವೇ ದಿನಗಳಲ್ಲಿ ಸುಟ್ಟು ಕರಿಯಾದರೆ ಪಾಯಿಂಟನ್ನು ಬೈಯಬೇಡಿ. ಕಂಡೆನ್ಸರು ಬದಲಿಸಿ ನೋಡುವುದೇ ಸುಲಭದ ಪರೀಕ್ಷೆ.

ಕಾಯಿಲಿನ ಕಾಯಿಲೆ ಇನ್ನೂ ಕಪಟದ್ದು. ತಣ್ಣಗಿದ್ದಾಗ ಸರಿಯಾಗಿರುತ್ತದೆ. ಹುಲಿಕಲ್ ಘಾಟಿಯನ್ನು ಏರಿ ಕಾದಾಗ ಕೈಕೊಡುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಸಾಚಾ! ಪೆಟ್ರೋಲು ಆವಿಯಾಗಿ ನಳಿಗೆ ಕಟ್ಟಿದಾಗಲೂ ಇದೇ ಲಕ್ಷಣ. ಆದ್ದರಿಂದ ಗಾಡಿ ನಿಂತ ಆ ಕ್ಷಣದಲ್ಲೇ ಕಿಡಿಯನ್ನು ನೋಡಬೇಕು. ತಣಿದ ಮೇಲೆ ಸಾಕ್ಷ್ಯ ನಾಶವಾಗುತ್ತದೆ.

ಪಾಯಿಂಟನ್ನು ಉಜ್ಜಿದ ಮೇಲೆ ಸಂದನ್ನು ಫೀಲರ್ ಗೇಜಿನಿಂದ ಅಳೆಯದೆ ಬಿಡಬಾರದು. ವಿಲ್ಲೀಸ್ ಜೀಪಿಗೆ ಅದು 0.020 ಅಂಗುಲ; ಅಂಬಾಸಡರ್ ಕಾರಿನ ಲೂಕಾಸ್ ಡಿಸ್ಟ್ರಿಬ್ಯೂಟರಿಗೆ 0.014ರಿಂದ 0.016. ತಂತಿಗಳನ್ನು ಕಳಚುವಾಗಲೇ ಒಂದೊಂದಕ್ಕೂ ಗುರುತು ಕಟ್ಟಿಕೊಳ್ಳುವುದು ಒಳ್ಳೆಯದು. ಮಳೆಯ ಕತ್ತಲೆಯಲ್ಲಿ ಸರದಿ ತಪ್ಪಿ ಸಿಕ್ಕಿಸಿದ ತಂತಿ ಕಾರ್ಬುರೇಟರಿನಿಂದ ಗುಂಡು ಹಾರಿಸಿ, ಮಲಗಿದ್ದ ರೋಗಿಯನ್ನೂ ಎದ್ದು ಕೂರಿಸೀತು.