ಒಂದೇ ಕಾಗುಣಿತ, ಎರಡು ಉಚ್ಚಾರ: ಇಂಗ್ಲಿಷ್ ಪದಗಳ ಒಂದು ವಿಶೇಷ

ಎಲ್, ಇ, ಎ, ಡಿ ಎಂಬ ನಾಲ್ಕು ಅಕ್ಷರಗಳ ಇಂಗ್ಲಿಷ್ ಪದವನ್ನು ‘ಲೀಡ್’ ಎಂದು ಓದಿದರೆ ಮುನ್ನಡೆಸು ಎಂದೂ ‘ಲೆಡ್’ ಎಂದು ಓದಿದರೆ ಸೀಸ ಎಂದೂ ಅರ್ಥ. ಇಂತಹ ಪದಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಮೊದಲನೆಯದು ಬೇರೆ ಬೇರೆ ಪದಗಳು ಬರಹದಲ್ಲಿ ಒಂದಾದದ್ದು. ಹಳೆಯ ಇಂಗ್ಲಿಷಿನಲ್ಲಿ ಈ ಎರಡು ಪದಗಳ ರೂಪಗಳೇ ಬೇರೆ, ಎರಡರಲ್ಲಿಯೂ ದೀರ್ಘಸ್ವರವಿತ್ತು. ಕಾಲಕ್ರಮದಲ್ಲಿ ಲೋಹದ ಹೆಸರಿನ ಸ್ವರವು ಹ್ರಸ್ವವಾಯಿತು, ಕ್ರಿಯಾಪದದ್ದು ‘ಈ’ಕಾರವಾಯಿತು, ಕಾಗುಣಿತ ಮಾತ್ರ ಒಂದೇ ಆಗಿ ನೆಲೆನಿಂತಿತು. ಕಣ್ಣೀರು ಎಂಬರ್ಥದ ‘ಟಿಯರ್’, ಹರಿದುಹಾಕು ಎಂಬರ್ಥದ ‘ಟೇರ್’ ಪದಗಳೂ ಈ ಬಗೆಯವು.

ಎರಡನೆಯದು ಒಂದೇ ಮೂಲದ ಪದ ಒತ್ತಿನಿಂದ ಕವಲೊಡೆದದ್ದು. ‘ಪರ್ಮಿಟ್’ ಎಂಬುದರ ಮೊದಲ ಉಚ್ಚಾರಾಂಶದ ಮೇಲೆ ಒತ್ತು ಬಿದ್ದರೆ ಪರವಾನಗಿ, ಎರಡನೆಯದರ ಮೇಲೆ ಬಿದ್ದರೆ ಅನುಮತಿಸು.

ಕನ್ನಡ ಲಿಪಿ ಮೊದಲ ಬಗೆಯ ಜೋಡಿಗಳನ್ನು ಸುಲಭವಾಗಿ ಬೇರ್ಪಡಿಸುತ್ತದೆ. ಒತ್ತನ್ನು ಮಾತ್ರ ಗುರುತಿಸದು. ಮಲಯಾಳ ಲಿಪಿ, ದೇವನಾಗರಿಗಳಿಗೂ ಈ ಮಿತಿಯುಂಟು. ಆಡುಗನ್ನಡವು ಈ ಕೊರತೆಯನ್ನು ವ್ಯಾಕರಣದಿಂದ ತುಂಬಿಕೊಂಡಿದೆ: ‘ರೆಕಾರ್ಡ್’ ನಾಮಪದ, ‘ರೆಕಾರ್ಡ್ ಮಾಡು’ ಕ್ರಿಯೆ. ಆದರೆ ಇಂಗ್ಲಿಷ್ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿಯೇ ಕೊಡುವ ದ್ವಿಭಾಷಾ ನಿಘಂಟಿಗೆ ಇಷ್ಟು ಸಾಲದು. ಅಲ್ಲಿ ಒತ್ತಿಗೆ ಪ್ರತ್ಯೇಕ ಚಿಹ್ನೆಯಿಲ್ಲದಿದ್ದರೆ, ಇಂಗ್ಲಿಷ್ ಕಿವಿಗೆ ಕೇಳಿಸುವ ಭೇದವು ಕನ್ನಡ ಓದುಗನಿಗೆ ತಲುಪುವುದೇ ಇಲ್ಲ.