ಕರಗುವ ಪೊಟ್ಟಣ, ಕರಗಿದ ಗಂಟು

ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣದಂಚಿನಲ್ಲಿ, ಫ್ಲಿಂಟ್ ನದಿಯ ದಂಡೆಯ ಮೇಲೆ ಬೇನ್‌ಬ್ರಿಜ್ ಎಂಬ ಸಣ್ಣ ಊರಿದೆ. ಸುತ್ತಲೂ ಹತ್ತಿ ಮತ್ತು ನೆಲಗಡಲೆ ಬೆಳೆಯುವ ಸೀಮೆ. 2021ರ ಫೆಬ್ರುವರಿಯಲ್ಲಿ ಈ ಊರಿನ ಕಂಪೆನಿಯೊಂದರ ಹೆಸರು ಆ ದೇಶದ ಸಾವಿರಾರು ಸಾಧಾರಣ ಸಂಸಾರಗಳ ಬಾಯಲ್ಲಿತ್ತು. ಡಾನಿಮರ್ ಸೈಂಟಿಫಿಕ್ ಎಂಬುದು ಅದರ ಹೆಸರು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ತಾನಾಗಿ ಕರಗಿಹೋಗುವ ಪ್ಲಾಸ್ಟಿಕನ್ನು ತಯಾರಿಸುವುದು ಅದರ ಉದ್ಯಮ. ಕೆಲವೇ ತಿಂಗಳ ಹಿಂದೆ 10 ಡಾಲರಿನ ಆಸುಪಾಸಿನಲ್ಲಿದ್ದ ಅದರ ಷೇರು ಆಗ 60 ಡಾಲರನ್ನು ದಾಟಿತ್ತು.

ನಾಲ್ಕು ವರ್ಷಗಳ ತರುವಾಯ, 2025ರ ಮಾರ್ಚ್ 18ರಂದು, ಅದೇ ಕಂಪೆನಿಯು ದಿವಾಳಿ ಕಾನೂನಿನ ರಕ್ಷಣೆಯನ್ನು ಬೇಡಿ ನ್ಯಾಯಾಲಯದ ಮೆಟ್ಟಲನ್ನೇರಿತು.

ಈ ಎರಡು ದಿನಗಳ ನಡುವೆ ಸಣ್ಣ ಹೂಡಿಕೆದಾರರಲ್ಲಿ ನಡೆದ ವಾದವಿವಾದಗಳು ಅಷ್ಟಿಷ್ಟಲ್ಲ. ನಂಬಿದವರು ಮೂರ್ಖರಾಗಿರಲಿಲ್ಲ, ಶಂಕಿಸಿದವರೆಲ್ಲ ಜ್ಞಾನಿಗಳೂ ಆಗಿರಲಿಲ್ಲ. ಆದರೆ ವಾದದ ಬಹುಪಾಲು ಯಾವ ಪ್ರಶ್ನೆಯ ಸುತ್ತ ನಡೆಯಿತೋ ಆ ಪ್ರಶ್ನೆಯಿಂದ ಹಣ ಹೋಗಲಿಲ್ಲ. ಹಣ ಹೋದದ್ದು ಬೇರೊಂದು ದಾರಿಯಿಂದ.

ಸೂಕ್ಷ್ಮಜೀವಿಯ ಹಗೇವು

ಮೊದಲು ವಸ್ತುವಿನ ವಿಚಾರ. ಸುಗ್ಗಿಯಲ್ಲಿ ರೈತನು ಹಗೇವಿಗೆ ಜೋಳವನ್ನು ತುಂಬಿಡುವಂತೆ, ಕೆಲವು ಜಾತಿಯ ಬ್ಯಾಕ್ಟೀರಿಯಗಳು ಆಹಾರ ಹೇರಳವಾಗಿರುವಾಗ ತಮ್ಮ ದೇಹದೊಳಗೆ ಕೊಬ್ಬಿನಂಥ ಸಣ್ಣ ಕಾಳುಗಳನ್ನು ಕೂಡಿಹಾಕುತ್ತವೆ. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಮೊರಿಸ್ ಲಮ್ವಾನ್ಯ ಎಂಬ ವಿಜ್ಞಾನಿಯು 1926ರಲ್ಲಿ ಈ ಕಾಳುಗಳ ಗುಣವನ್ನು ವಿವರಿಸಿದನು. ಅವುಗಳನ್ನು ಜೀವಕೋಶದಿಂದ ಹೊರತೆಗೆದು ಒಣಗಿಸಿದರೆ, ಕಾಯಿಸಿ ಅಚ್ಚಿಗೆ ಹೊಯ್ಯಬಹುದಾದ ಪ್ಲಾಸ್ಟಿಕ್ ದೊರೆಯುತ್ತದೆ. ಪಾಲಿಹೈಡ್ರಾಕ್ಸಿಆಲ್ಕನೋಯೇಟ್ ಎಂಬುದು ಈ ಕುಲದ ಹೆಸರು. ನಾಲಗೆ ತೊಡರುವ ಆ ಹೆಸರನ್ನು ಬಿಟ್ಟು ಎಲ್ಲರೂ ಪಿ.ಎಚ್.ಎ. ಎನ್ನುತ್ತಾರೆ.

ಒಂದು ಜೀವಿಯು ಕೂಡಿಟ್ಟ ಆಹಾರವನ್ನು ಇನ್ನೊಂದು ಜೀವಿ ತಿನ್ನಬಲ್ಲುದಷ್ಟೆ. ಮಣ್ಣಿನಲ್ಲಿ, ಕೆರೆಯಲ್ಲಿ, ಕಡಲಿನಲ್ಲಿ ಇರುವ ಸೂಕ್ಷ್ಮಜೀವಿಗಳಿಗೆ ಪಿ.ಎಚ್.ಎ. ಒಂದು ಉಣಿಸು. ಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಿ.ಎಲ್.ಎ. ಎಂಬ ಇನ್ನೊಂದು ಪ್ಲಾಸ್ಟಿಕಿಗೆ ಈ ಸೌಲಭ್ಯವಿಲ್ಲ. ಅದು ಬೇಗ ಕರಗಬೇಕಾದರೆ ಸುಮಾರು 60 ಡಿಗ್ರಿ ಶಾಖವಿರುವ ದೊಡ್ಡ ಗೊಬ್ಬರದ ಘಟಕವೇ ಬೇಕು. ಹಿತ್ತಲಿನ ತಿಪ್ಪೆಯಲ್ಲಿ ಅದು ಬಹುಕಾಲ ಹಾಗೆಯೇ ಬಿದ್ದಿರುತ್ತದೆ.

ಡಾನಿಮರ್ 2004ರಲ್ಲಿ ಹುಟ್ಟಿತು. ಸಾಬೂನಿಗೆ ಹೆಸರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ಪಿ.ಎಚ್.ಎ. ಕುರಿತು ಸಂಶೋಧನೆ ನಡೆಸಿ ಪಡೆದಿದ್ದ ಪೇಟೆಂಟುಗಳನ್ನು 2007ರಲ್ಲಿ ಕೊಂಡುಕೊಂಡಿತು. ಸಾಸುವೆಯ ಬಳಗಕ್ಕೆ ಸೇರಿದ ಕನೋಲಾ ಬೀಜದ ಎಣ್ಣೆಯನ್ನು ಬ್ಯಾಕ್ಟೀರಿಯಗಳಿಗೆ ಉಣಿಸಿ, ಕೆಂಟಕಿ ರಾಜ್ಯದ ವಿಂಚೆಸ್ಟರಿನಲ್ಲಿ ದೊಡ್ಡ ದೊಡ್ಡ ಹುದುಗು ತೊಟ್ಟಿಗಳನ್ನಿಟ್ಟು ಪ್ಲಾಸ್ಟಿಕನ್ನು ತಯಾರಿಸತೊಡಗಿತು. ಪಾನೀಯ ಹೀರುವ ಸ್ಟ್ರಾ, ಚಮಚ, ತಿಂಡಿಯ ಪೊಟ್ಟಣ ಮುಂತಾದುವು ಇದರಿಂದ ಆಗಬಲ್ಲವೆಂದು ತೋರಿಸಿತು. ಪೆಪ್ಸಿಕೋ, ನೆಸ್ಲೆ, ಬಕಾರ್ಡಿ, ಮಾರ್ಸ್ ರಿಗ್ಲಿ ಮುಂತಾದ ಘಟಾನುಘಟಿಗಳು ಅದರೊಡನೆ ಒಪ್ಪಂದಗಳನ್ನು ಸಾರಿದವು.

ಖಾಲಿ ಚೆಕ್ಕಿನ ದಾರಿ

ಕಂಪೆನಿಯು ಷೇರುಪೇಟೆಗೆ ಬಂದ ಬಗೆಯೂ ವಿಶೇಷವಾದುದೇ. 2020ರ ಮೇ ತಿಂಗಳಿನಲ್ಲಿ ಲೈವ್ ಓಕ್ ಎಂಬ ಸಂಸ್ಥೆಯೊಂದು, ಷೇರಿಗೆ 10 ಡಾಲರಿನಂತೆ ಸಾರ್ವಜನಿಕರಿಂದ 20 ಕೋಟಿ ಡಾಲರನ್ನು ಸಂಗ್ರಹಿಸಿತು. ಆ ಸಂಸ್ಥೆಗೆ ಆಗ ಯಾವ ವ್ಯಾಪಾರವೂ ಇರಲಿಲ್ಲ. ಯಾವುದಾದರೂ ಒಳ್ಳೆಯ ಕಂಪೆನಿಯನ್ನು ಹುಡುಕಿ ಅದರೊಡನೆ ಸೇರುವುದೇ ಅದರ ಉದ್ದೇಶ. ಇಂಥವನ್ನು ಅಮೆರಿಕದವರು ಖಾಲಿ ಚೆಕ್ಕಿನ ಕಂಪೆನಿಗಳೆಂದು ಕರೆಯುತ್ತಾರೆ. ವರನ ಹೆಸರನ್ನು ಬಿಟ್ಟು ಲಗ್ನಪತ್ರಿಕೆಯನ್ನು ಅಚ್ಚುಹಾಕಿಸಿದಂತೆ! 2020ರ ಡಿಸೆಂಬರ್ 29ರಂದು ಲೈವ್ ಓಕ್ ಮತ್ತು ಡಾನಿಮರ್ ಒಂದಾದವು.

ಕಾಲವೂ ಅದಕ್ಕೆ ತಕ್ಕಂತೆ ಕೂಡಿಬಂದಿತು. ಕೊರೋನಾ ವ್ಯಾಧಿಯ ದೆಸೆಯಿಂದ ಜನರು ಮನೆಯಲ್ಲಿಯೇ ಉಳಿದಿದ್ದರು. ದಳ್ಳಾಳಿಗೆ ಕಾಸು ಕೊಡದೆ, ಅಂಗೈಯೊಳಗಿನ ಫೋನಿನಲ್ಲಿಯೇ ಷೇರನ್ನು ಕೊಳ್ಳುವ ಸೌಕರ್ಯವಿತ್ತು. ಕಡಲಾಮೆಯ ಮೂಗಿನಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಸ್ಟ್ರಾದ ಚಿತ್ರವನ್ನು ಲೋಕವೆಲ್ಲ ನೋಡಿತ್ತು. 2021ರ ಜುಲೈಯಿಂದ ಯೂರೋಪಿನ ಒಕ್ಕೂಟವು ಪ್ಲಾಸ್ಟಿಕ್ ಸ್ಟ್ರಾ, ಚಮಚಗಳನ್ನು ನಿಷೇಧಿಸುವುದೆಂದು ಮೊದಲೇ ಗೊತ್ತಾಗಿದ್ದಿತು. ಹಣವೂ ಬೆಳೆಯುವುದು, ಭೂಮಿಯೂ ಉಳಿಯುವುದು ಎಂದರೆ ಯಾವ ಗೃಹಸ್ಥನ ಮನಸ್ಸು ತಾನೆ ಕರಗದು?

ನಂಬಿದವರ ವಾದವು ಹೀಗಿದ್ದಿತು: ನಿಷೇಧಗಳು ಹೆಚ್ಚಿದಂತೆ ಗಿರಾಕಿಗಳು ತಾವಾಗಿಯೇ ಬರುವರು, ಪೇಟೆಂಟು ಕೈಯಲ್ಲಿದೆ, ದೊಡ್ಡ ಸಂಸ್ಥೆಗಳ ಕೈಕುಲುಕು ಆಗಿದೆ, ಉತ್ಪಾದನೆ ಹೆಚ್ಚಿದರೆ ಬೆಲೆ ತಾನೇ ಇಳಿಯುವುದು. ಇದರಲ್ಲಿ ಯಾವುದೂ ಹುಚ್ಚು ಮಾತಲ್ಲ.

ಶಂಕಿಸಿದವರು ಚರಿತ್ರೆಯನ್ನು ಮುಂದಿಟ್ಟರು. ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯು ಇದೇ ಕುಲದ ಪ್ಲಾಸ್ಟಿಕನ್ನು ಬಯೊಪೋಲ್ ಎಂಬ ಹೆಸರಿನಲ್ಲಿ ತಯಾರಿಸಿತ್ತು. 1990ರಲ್ಲಿ ಜರ್ಮನಿಯಲ್ಲಿ ಅದರಿಂದ ಶಾಂಪೂ ಸೀಸೆಯೂ ಬಂದಿತ್ತು. ವ್ಯವಹಾರವು ಕೈಯಿಂದ ಕೈಗೆ ದಾಟಿ 1996ರಲ್ಲಿ ಮೊನ್ಸಾಂಟೊ ಪಾಲಾಯಿತು. ಅಲ್ಲಿಯೂ ಬಾಳದೆ 2001ರಲ್ಲಿ ಮೆಟಬೋಲಿಕ್ಸ್ ಎಂಬ ಕಂಪೆನಿಯ ಕೈಸೇರಿತು. ಮೆಟಬೋಲಿಕ್ಸ್, ಧಾನ್ಯದ ದೊಡ್ಡ ವ್ಯಾಪಾರಿಯಾದ ಎ.ಡಿ.ಎಂ. ಸಂಸ್ಥೆಯೊಡನೆ ಕೂಡಿ ಅಯೋವಾ ರಾಜ್ಯದ ಕ್ಲಿಂಟನ್ನಿನಲ್ಲಿ ವರ್ಷಕ್ಕೆ 50,000 ಟನ್ನಿನ ಕಾರ್ಖಾನೆಯನ್ನೇ ತೆರೆಯಿತು. 2012ರ ಜನವರಿಯಲ್ಲಿ ಎ.ಡಿ.ಎಂ. ಲಾಭದ ನಿರೀಕ್ಷೆಯು ಅತಿ ಅನಿಶ್ಚಿತವೆಂದು ಹೇಳಿ ಹೊರಬಂದಿತು. ಹೀಗೆ ಒಂದೇ ವಸ್ತುವನ್ನು ಹಿಡಿದು ಮೂವರು ಕೈಸುಟ್ಟುಕೊಂಡಿದ್ದರು. ಬೇರೆ ವಸ್ತುವಿನ ನಿದರ್ಶನವೂ ಇಲ್ಲದಿಲ್ಲ. ಪಿಷ್ಟ ಮತ್ತು ಸುಣ್ಣದ ಕಲ್ಲಿನ ಪುಡಿಯಿಂದ ಮೆಕ್‌ಡೊನಾಲ್ಡ್ಸ್ ಉಪಾಹಾರದ ಡಬ್ಬಿಗಳನ್ನು ಮಾಡಹೊರಟ ಅರ್ಥ್‌ಶೆಲ್ ಎಂಬ ಕ್ಯಾಲಿಫೋರ್ನಿಯಾದ ಕಂಪೆನಿಯು 1998ರಲ್ಲಿ ಷೇರಿಗೆ 21 ಡಾಲರಿನಂತೆ ಜನರಿಂದ ಹಣವೆತ್ತಿ, 2007ರಲ್ಲಿ ದಿವಾಳಿಯಾಯಿತು.

ಸ್ಟ್ರಾ ಕರಗುವುದೋ ಇಲ್ಲವೋ

2021ರ ಮಾರ್ಚ್ ತಿಂಗಳಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಒಂದು ಲೇಖನವನ್ನು ಪ್ರಕಟಿಸಿತು. ಕಂಪೆನಿಯು ಹೇಳುವಷ್ಟು ಬೇಗ ಈ ಪ್ಲಾಸ್ಟಿಕ್ ಕಡಲಿನಲ್ಲಿ ಕರಗುವುದಿಲ್ಲವೆಂದು ವಿಜ್ಞಾನಿಗಳು ಅಭಿಪ್ರಾಯಪಟ್ಟಿರುವುದಾಗಿ ಅದು ಬರೆಯಿತು. ಆ ವಸ್ತುವನ್ನು ಪರೀಕ್ಷಿಸಿದ್ದ ಜಾರ್ಜಿಯಾ ವಿಶ್ವವಿದ್ಯಾನಿಲಯದ ತಜ್ಞರೊಬ್ಬರೇ ಕಂಪೆನಿಯ ಹೇಳಿಕೆಗಳು ಉತ್ಪ್ರೇಕ್ಷೆಯವೆಂದರು. ಷೇರಿನ ಬೆಲೆ ಕುಸಿಯಿತು.

ನಿಜಾಂಶವು ಎರಡು ಪಕ್ಷಗಳ ನಡುವೆ ಎಲ್ಲಿಯೋ ಇದ್ದಿತು. ತೆಳುವಾದ ಹಾಳೆಯು ಕೆಲವು ತಿಂಗಳಲ್ಲಿ ಸೂಕ್ಷ್ಮಜೀವಿಗಳಿಗೆ ಆಹುತಿಯಾಗಬಹುದು. ಅದೇ ವಸ್ತುವಿನ ದಪ್ಪ ಸೀಸೆಗೆ ವರ್ಷಗಳೇ ಬೇಕಾಗಬಹುದು. ನೀರು ಬೆಚ್ಚಗಿದೆಯೆ, ತಣ್ಣಗಿದೆಯೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಪುಡಿ ಕರಗುವ ಹೊತ್ತಿಗೆ ಕಲ್ಲುಸಕ್ಕರೆ ಕರಗುವುದೆಂದು ಯಾರೂ ವಾದಿಸುವುದಿಲ್ಲ. ಕರಗುತ್ತದೆ ಎಂಬ ಒಂದು ಮಾತಿನ ಹಿಂದೆ ಎಷ್ಟು ದಿನದಲ್ಲಿ, ಎಲ್ಲಿ, ಎಷ್ಟು ದಪ್ಪದ್ದು ಎಂಬ ಮೂರು ಪ್ರಶ್ನೆಗಳು ಅಡಗಿದ್ದುವು.

ಮರುತಿಂಗಳು ಸ್ಪ್ರೂಸ್ ಪಾಯಿಂಟ್ ಎಂಬ ಸಂಸ್ಥೆಯು ಕಂಪೆನಿಯ ಉತ್ಪಾದನೆ ಮತ್ತು ಬೆಲೆಗಳ ಅಂಕಿಗಳನ್ನು ಪ್ರಶ್ನಿಸಿ ದೀರ್ಘವಾದ ವರದಿಯನ್ನು ಹೊರಡಿಸಿತು. ಷೇರಿನ ಬೆಲೆ ಬಿದ್ದರೆ ಲಾಭ ಗಳಿಸುವ ವರ್ಗಕ್ಕೆ ಸೇರಿದ ಸಂಸ್ಥೆ ಅದು. ಅಂಥವರು ಎರವಲು ತಂದ ಷೇರನ್ನು ಇಂದು ಮಾರುತ್ತಾರೆ, ಬೆಲೆ ಇಳಿದಾಗ ಕೊಂಡು ಹಿಂದಿರುಗಿಸುತ್ತಾರೆ, ನಡುವಣ ಅಂತರವನ್ನು ಜೇಬಿಗಿಳಿಸುತ್ತಾರೆ. ಸ್ಪ್ರೂಸ್ ಪಾಯಿಂಟ್ ಇದನ್ನು ಮುಚ್ಚಿಡಲೂ ಇಲ್ಲ. ಕಂಪೆನಿಯು ಆರೋಪಗಳನ್ನು ಅಲ್ಲಗಳೆಯಿತು.

ಇಲ್ಲಿಂದ ಸಣ್ಣ ಹೂಡಿಕೆದಾರರ ಚರ್ಚೆಯು ಹದತಪ್ಪಿತು. ಸ್ವಾರ್ಥಿಗಳ ಮಾತನ್ನು ಏಕೆ ನಂಬಬೇಕೆಂದು ಒಂದು ಪಕ್ಷ. ಹಣದಾಸೆಯಿಂದ ಕಣ್ಣು ಮುಚ್ಚಿದ್ದೀರೆಂದು ಇನ್ನೊಂದು ಪಕ್ಷ. ಹೇಳಿದವನ ನಡತೆಯೇ ಚರ್ಚೆಯಾಗಿ, ಹೇಳಿದ ಅಂಕಿಯು ಮೂಲೆಗೆ ಬಿದ್ದಿತು. ಬೆಲೆ ಇಳಿದಾಗಲೆಲ್ಲ ಅದನ್ನು ಅಗ್ಗದ ಸಂತೆಯೆಂದು ಭಾವಿಸಿ ಮತ್ತಷ್ಟು ಕೊಂಡವರೂ ಉಂಟು. ಅರವತ್ತಕ್ಕೆ ಕೊಂಡವನಿಗೆ ಇಪ್ಪತ್ತು ಅಗ್ಗವೆನಿಸಿದ್ದು ಸಹಜ. ಇಪ್ಪತ್ತು ಯಾವುದಕ್ಕೆ ಹೋಲಿಸಿ ಅಗ್ಗ ಎಂಬುದನ್ನು ಕೇಳುವ ತಾಳ್ಮೆ ಅಪರೂಪ.

ಲೆಕ್ಕದ ಪುಸ್ತಕ

ಉತ್ತರವು ಕಂಪೆನಿಯ ವಾರ್ಷಿಕ ಲೆಕ್ಕಗಳಲ್ಲಿಯೇ ಇದ್ದಿತು. ಯಾರು ಬೇಕಾದರೂ ಓದಬಹುದಾಗಿದ್ದ ಕಾಗದಗಳು ಅವು. 2020ರಲ್ಲಿ ಕಂಪೆನಿಯ ಮಾರಾಟ ಸುಮಾರು 4 ಕೋಟಿ 70 ಲಕ್ಷ ಡಾಲರು. 2023ರಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಆ ವರ್ಷದ ನಷ್ಟವೋ, 15 ಕೋಟಿ ಡಾಲರಿಗೂ ಹೆಚ್ಚು! ಆಡಳಿತದ ವೆಚ್ಚ, ಬಡ್ಡಿ ಇವುಗಳನ್ನು ಬದಿಗಿಟ್ಟರೂ, ಮಾಲನ್ನು ತಯಾರಿಸುವ ವೆಚ್ಚವೇ ಮಾರಿ ಬಂದ ಹಣವನ್ನು ಮೀರಿತ್ತು.

ಹುದುಗು ತೊಟ್ಟಿಯ ಕಾರ್ಖಾನೆಯ ಸ್ವಭಾವವೇ ಅಂಥದು. ತೊಟ್ಟಿ ಅರ್ಧ ತುಂಬಿದರೂ ಆವಿ, ವಿದ್ಯುತ್ತು, ಶುದ್ಧೀಕರಣ, ಕೆಲಸಗಾರರ ಸಂಬಳ ಪೂರ್ತಿ ತಗಲುತ್ತದೆ. ಬೆಲೆ ಇಳಿಯಬೇಕಾದರೆ ತೊಟ್ಟಿಗಳು ತುಂಬಬೇಕು; ತೊಟ್ಟಿಗಳು ತುಂಬಬೇಕಾದರೆ ಗಿರಾಕಿಗಳು ಬರಬೇಕು; ಗಿರಾಕಿಗಳು ಬರಬೇಕಾದರೆ ಬೆಲೆ ಇಳಿದಿರಬೇಕು. ಸಾಧಾರಣ ಪ್ಲಾಸ್ಟಿಕಿನ ಹಲವು ಪಟ್ಟು ಬೆಲೆಯುಳ್ಳ ವಸ್ತುವನ್ನು ಪತ್ರಿಕಾ ಪ್ರಕಟಣೆಗೆಂದು ಕೊಳ್ಳುವುದು ಬೇರೆ, ಪ್ರತಿದಿನದ ಪೊಟ್ಟಣಕ್ಕೆಂದು ಕೊಳ್ಳುವುದು ಬೇರೆ. ದೊಡ್ಡ ಸಂಸ್ಥೆಗಳ ಒಪ್ಪಂದಗಳಲ್ಲಿ ಹಲವು ಪ್ರಯೋಗದ ಒಪ್ಪಂದಗಳು. ನಿಶ್ಚಿತಾರ್ಥವಾಗಿ ಮದುವೆಯ ದಿನ ಗೊತ್ತಾಗದ ಸ್ಥಿತಿ ಅದು.

ನಿಷೇಧವೂ ನಂಬಿದಂತೆ ನೆರವಾಗಲಿಲ್ಲ. 2021ರ ಮೇ ತಿಂಗಳಿನಲ್ಲಿ ಯೂರೋಪಿನ ಆಯೋಗವು ಹೊರಡಿಸಿದ ಮಾರ್ಗಸೂಚಿಯು, ಕಾರ್ಖಾನೆಯಲ್ಲಿ ಹುದುಗಿಸಿ ತೆಗೆದ ಇಂಥ ವಸ್ತುಗಳು ನೈಸರ್ಗಿಕವೆನಿಸುವುದಿಲ್ಲ, ಇವೂ ಪ್ಲಾಸ್ಟಿಕ್‌ಗಳೇ ಎಂದಿತು. ಯಾವ ಕಾನೂನು ಗಿರಾಕಿಗಳನ್ನು ತರುವುದೆಂದು ಎದುರುನೋಡಿದ್ದರೋ ಅದೇ ಕಾನೂನು ಪಿ.ಎಚ್.ಎ. ಸ್ಟ್ರಾಗಳಿಗೂ ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಸಾಲವು ಬೆಳೆದಿತ್ತು. 2021ರ ಡಿಸೆಂಬರಿನಲ್ಲಿ 24 ಕೋಟಿ ಡಾಲರಿನ ಸಾಲಪತ್ರಗಳನ್ನು ಮಾರಲಾಯಿತು. ಬಡ್ಡಿ ಶೇಕಡ 3.25. ಹದಿನೈದು ತಿಂಗಳ ಬಳಿಕ, 2023ರ ಮಾರ್ಚಿನಲ್ಲಿ, ಇನ್ನೂ 13 ಕೋಟಿ ಡಾಲರ್ ಸಾಲ. ಈ ಸಲ ಬಡ್ಡಿ ಶೇಕಡ 14.4. ಮೂರೂಕಾಲರಿಂದ ಹದಿನಾಲ್ಕಕ್ಕೆ ಏರಿದ ಈ ಬಡ್ಡಿಯ ದರವು, ಕಂಪೆನಿಯ ಸ್ಥಿತಿಯನ್ನು ಕುರಿತು ಸಾಲ ಕೊಟ್ಟವರು ಏನೆಂದು ತಿಳಿದಿದ್ದರೆಂಬುದನ್ನು ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತಿತ್ತು. ಗಿರವಿ ಅಂಗಡಿಯ ಮೆಟ್ಟಲು ಹತ್ತಿದ ಸಂಸಾರದ ಸ್ಥಿತಿಯನ್ನು ತಿಳಿಯಲು ಯಾವ ಜೋಯಿಸನೂ ಬೇಕಿಲ್ಲ.

2024ರ ಹೊತ್ತಿಗೆ ಷೇರು ಒಂದು ಡಾಲರಿಗಿಂತ ಕೆಳಗಿಳಿಯಿತು. ಅಷ್ಟು ಕೆಳಗೆ ಬಹುಕಾಲ ನಿಂತ ಷೇರನ್ನು ವಿನಿಮಯ ಕೇಂದ್ರವು ಇಟ್ಟುಕೊಳ್ಳುವುದಿಲ್ಲ. ಆದುದರಿಂದ ನವೆಂಬರ್ ತಿಂಗಳಿನಲ್ಲಿ 40 ಹಳೆಯ ಷೇರುಗಳನ್ನು ಕೂಡಿಸಿ ಒಂದು ಹೊಸ ಷೇರನ್ನಾಗಿ ಮಾಡಲಾಯಿತು. 2021ರಲ್ಲಿ 60 ಡಾಲರಿನಂತೆ 100 ಷೇರುಗಳನ್ನು ಕೊಂಡ ಗೃಹಸ್ಥನ ಲೆಕ್ಕವನ್ನು ನೋಡಬಹುದು. ಅವನು ತೊಡಗಿಸಿದ್ದು 6,000 ಡಾಲರು. ಈಗ ಅವನ ಪಾಲಿಗೆ ಉಳಿದುದು ಎರಡೂವರೆ ಷೇರಿನ ಹಕ್ಕು. ಮಗಳ ಕಾಲೇಜಿಗೆಂದು ತೆಗೆದಿಟ್ಟ ಹಣವಾಗಿದ್ದರೆ, ಆ ಎರಡೂವರೆ ಷೇರಿನಿಂದ ಪುಸ್ತಕಗಳ ಖರ್ಚೂ ಹುಟ್ಟುವಂತಿರಲಿಲ್ಲ. ನಾಲ್ಕು ತಿಂಗಳಲ್ಲಿ ದಿವಾಳಿ. ಅಂಥ ಸಂದರ್ಭದಲ್ಲಿ ಮೊದಲ ಪಂಕ್ತಿಯಲ್ಲಿ ಕೂರುವವರು ಆಧಾರವಿಟ್ಟುಕೊಂಡು ಸಾಲ ಕೊಟ್ಟವರು, ಬಳಿಕ ಉಳಿದ ಸಾಲದವರು. ಷೇರುದಾರರ ಎಲೆಗೆ ಬಡಿಸುವ ಸರದಿ ಕಟ್ಟಕಡೆಯದು. ಅಷ್ಟು ಹೊತ್ತಿಗೆ ಪಾತ್ರೆ ಬರಿದಾಗಿರುತ್ತದೆ.

ಕಂಪೆನಿಯ ಆಸ್ತಿಯನ್ನು ಆ ವರ್ಷವೇ ಟೆಕ್ನಾರ್ ಏಪೆಕ್ಸ್ ಎಂಬ ಹಳೆಯ ಪ್ಲಾಸ್ಟಿಕ್ ಸಂಸ್ಥೆಯು ಕೊಂಡಿತು. ಅದು ಖಾಸಗಿ ಒಡೆತನದ ಸಂಸ್ಥೆ. ಮುಂದೊಂದು ದಿನ ಈ ವಸ್ತುವಿಗೆ ಕಾಲ ಕೂಡಿಬಂದರೂ, ಅದನ್ನು ಮೊದಲು ನಂಬಿದವರಿಗೆ ಅದರಲ್ಲಿ ಪಾಲಿಲ್ಲ.

ಭಾರತದಲ್ಲಿಯೂ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ತಟ್ಟೆಗಳು ನಿಷಿದ್ಧವಾದವು. 2024ರ ಫೆಬ್ರುವರಿಯಲ್ಲಿ ಬಲರಾಂಪುರ್ ಚೀನೀ ಮಿಲ್ಸ್ ಎಂಬ ಸಕ್ಕರೆ ಕಂಪೆನಿಯು ಉತ್ತರ ಪ್ರದೇಶದಲ್ಲಿ 2,000 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಪಿ.ಎಲ್.ಎ. ಕಾರ್ಖಾನೆಯನ್ನು ಕಟ್ಟಲು ನಿರ್ಧರಿಸಿತು. ಅದರ ಷೇರುಗಳೂ ಪೇಟೆಯಲ್ಲಿವೆ; ನಮ್ಮ ಸಣ್ಣ ಹೂಡಿಕೆದಾರರೂ ಅದನ್ನು ಕುರಿತು ತರ್ಕಿಸುತ್ತಾರೆ. ಇದರ ಜಾತಕವು ಡಾನಿಮರಿನದಲ್ಲವೆಂಬುದನ್ನು ಹೇಳಲೇಬೇಕು. ಇಲ್ಲಿ ಸಕ್ಕರೆ ಮತ್ತು ಮದ್ಯಸಾರದ ಹಳೆಯ ವ್ಯಾಪಾರವು ಮನೆಯನ್ನು ನಡೆಸುತ್ತದೆ, ಕಚ್ಚಾವಸ್ತುವು ತನ್ನದೇ ಗಾಣದಿಂದ ಬರುತ್ತದೆ, ವಸ್ತುವೂ ಬೇರೆ. ಆದರೂ ಒಂದು ಕಿಲೋ ತಯಾರಿಸಲು ತಗಲುವುದೆಷ್ಟು, ಕೊಳ್ಳುವವನು ಅದಕ್ಕೆ ಕೊಡುವುದೆಷ್ಟು ಎಂಬ ಪ್ರಶ್ನೆ ಇಲ್ಲಿಯೂ ಅದೇ. ತೊಟ್ಟಿಗಳು ತುಂಬಿ ಒಂದೆರಡು ವರ್ಷ ನಡೆದ ಮೇಲೆ, ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ, ಅದಕ್ಕೆ ಉತ್ತರ ಅಚ್ಚಾಗಿರುತ್ತದೆ.