ಬದುವಿನ ಮೇಲೊಂದು ಗೊಬ್ಬರದ ಗಿಡ

ಫೆಬ್ರುವರಿ ತಿಂಗಳಲ್ಲಿ ಎಲೆ ಉದುರಿಸಿ, ಬರಿಯ ಕೊಂಬೆಗಳ ಉದ್ದಕ್ಕೂ ನಸುಗೆಂಪು ಹೂಗೊಂಚಲು ಹೊತ್ತು ನಿಲ್ಲುವ ಗ್ಲಿರಿಸಿಡಿಯಾ ಮರವನ್ನು ನೋಡದ ರೈತರು ವಿರಳ. ಮಧ್ಯ ಅಮೆರಿಕ ಇದರ ತವರು. ಅಲ್ಲಿ ಕೋಕೋ ತೋಟಕ್ಕೆ ನೆರಳಾಗಿ ಬೆಳೆಸುತ್ತಿದ್ದ ಈ ಮರ ನಮ್ಮಲ್ಲಿ ಬೇಲಿಯ ಗೂಟವಾಗಿಯೂ ರಸ್ತೆಬದಿಯ ಹೂವಿನ ಮರವಾಗಿಯೂ ನೆಲೆಯೂರಿದೆ. ಆದರೆ ಇದರ ನಿಜವಾದ ಬೆಲೆಯನ್ನು ತಿಳಿಸುವುದು ರೈತರೇ ಇಟ್ಟ ‘ಗೊಬ್ಬರದ ಗಿಡ’ ಎಂಬ ಹೆಸರು.

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ ಹಾಗೂ ಸುತ್ತಣ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಖುಷ್ಕಿ ಜಮೀನುಗಳಲ್ಲಿ ಹೊಗೆಸೊಪ್ಪು, ರಾಗಿ, ಅವರೆ, ಹುರುಳಿ ಬೆಳೆಯುವುದು ವಾಡಿಕೆ. ಇಲ್ಲಿನ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ತೇವವನ್ನೂ ಸಾರವನ್ನೂ ಹಿಡಿದಿಡುವ ಶಕ್ತಿಯೂ ಕಡಿಮೆ. ಎತ್ತಿನ ಕೆಲಸವನ್ನು ಟ್ರ್ಯಾಕ್ಟರ್ ವಹಿಸಿಕೊಂಡ ಮನೆಗಳಲ್ಲಿ ತಿಪ್ಪೆ ಚಿಕ್ಕದಾಗಿದೆ. ಇದ್ದ ಕೊಟ್ಟಿಗೆ ಗೊಬ್ಬರವೆಲ್ಲ ಹೊಗೆಸೊಪ್ಪಿನ ಹೊಲಕ್ಕೆ ಹೋದರೆ ರಾಗಿಗೆ ಉಳಿಯುವುದು ಯೂರಿಯಾ ಒಂದೇ. ಈ ಕೊರತೆಯ ಒಂದು ಭಾಗವನ್ನು, ಸಾಗುವಳಿ ಭೂಮಿಯನ್ನು ಬಿಟ್ಟುಕೊಡದೆ, ಬದುವಿನಿಂದಲೇ ತುಂಬಿಕೊಳ್ಳಬಹುದು.

ಒಂದು ಎಕರೆಯ ಲೆಕ್ಕ

ಗ್ಲಿರಿಸಿಡಿಯಾ ದ್ವಿದಳ ಜಾತಿಯ ಮರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಒಂದು ಟನ್ ಹಸಿ ಸೊಪ್ಪಿನಿಂದ ಸುಮಾರು 6ರಿಂದ 7 ಕಿಲೋ ಸಾರಜನಕ ದೊರೆಯುತ್ತದೆ. ಇದು 13ರಿಂದ 15 ಕಿಲೋ ಯೂರಿಯಾಕ್ಕೆ ಸಮ. ಜೊತೆಗೆ ಪೊಟ್ಯಾಷ್ ಮತ್ತು ಯೂರಿಯಾದಲ್ಲಿ ಇಲ್ಲದ ಸಾವಯವ ಅಂಶವೂ ಮಣ್ಣಿಗೆ ಸೇರುತ್ತದೆ.

ಚೌಕಾಕಾರದ ಒಂದು ಎಕರೆ ಹೊಲದ ಸುತ್ತಳತೆ ಸುಮಾರು 250 ಮೀಟರ್. ಅರ್ಧ ಮೀಟರಿಗೆ ಒಂದರಂತೆ ನೆಟ್ಟರೆ 500 ಗಿಡಗಳಾಗುತ್ತವೆ. ಮೂರನೆಯ ವರ್ಷದಿಂದ ಗಿಡವೊಂದಕ್ಕೆ ವರ್ಷಕ್ಕೆ 3 ಕಿಲೋ ಸೊಪ್ಪು ಎಂದು ಹಿಡಿದರೂ ಒಂದೂವರೆ ಟನ್ ಸೊಪ್ಪು, ಅಂದರೆ ಸುಮಾರು 10 ಕಿಲೋ ಸಾರಜನಕ ಕೈಗೆ ಬರುತ್ತದೆ. ಮಳೆಯಾಶ್ರಯದ ರಾಗಿಗೆ ಎಕರೆಗೆ ಬೇಕಾದ 20 ಕಿಲೋ ಸಾರಜನಕದಲ್ಲಿ ಇದು ಅರ್ಧ ಪಾಲು. ಆದರೆ ಸೊಪ್ಪಿನ ಸಾರವೆಲ್ಲ ಅದೇ ಬೆಳೆಗೆ ದಕ್ಕುವುದಿಲ್ಲ. ಆದ್ದರಿಂದ ಮೊದಲ ವರ್ಷಗಳಲ್ಲಿ ಯೂರಿಯಾವನ್ನು ಒಮ್ಮೆಗೇ ಅರ್ಧಕ್ಕೆ ಇಳಿಸದೆ, ಬೆಳೆಯ ಬಣ್ಣ ಮತ್ತು ಬೆಳವಣಿಗೆ ನೋಡಿಕೊಂಡು ಹಂತಹಂತವಾಗಿ ಕಡಿಮೆ ಮಾಡುವುದು ಸೂಕ್ತ.

ನೆಡುವ ಕ್ರಮ

ಮಳೆ ಹಿಡಿದ ಕೂಡಲೇ ಹೆಬ್ಬೆರಳಿಗಿಂತ ದಪ್ಪನೆಯ, ಒಂದು ಮೀಟರ್ ಉದ್ದದ ಬಲಿತ ಕಡ್ಡಿಗಳನ್ನು ಬದುವಿನ ಮೇಲೆ ನೆಡಬೇಕು. ಬೀಜದಿಂದ ಬೆಳೆಸಿದ ಸಸಿಗಳು ಆಳಕ್ಕೆ ಬೇರು ಬಿಡುವುದರಿಂದ ಬೇಸಿಗೆಯನ್ನು ಹೆಚ್ಚು ತಾಳುತ್ತವೆ. ಕಾಯಿ ಒಣಗಿ ಸಿಡಿದು ಬೀಜ ಚೆಲ್ಲುತ್ತದೆ. ಆದ್ದರಿಂದ ಕಾಯಿ ಕಂದುಬಣ್ಣಕ್ಕೆ ತಿರುಗಿದಾಗಲೇ ಬಿಡಿಸಿಕೊಳ್ಳಬೇಕು. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಪಾಲಿಥೀನ್ ಚೀಲಗಳಲ್ಲಿ ಬಿತ್ತಿದರೆ ಮುಂಗಾರಿನ ವೇಳೆಗೆ ಸಸಿ ಸಿದ್ಧವಾಗುತ್ತದೆ.

ಮೊದಲ ವರ್ಷ ಸೊಪ್ಪು ಕೊಯ್ಯಬಾರದು. ಆಮೇಲೆ ನೆಲದಿಂದ 75 ಸೆಂಟಿಮೀಟರಿನಿಂದ ಒಂದು ಮೀಟರ್ ಎತ್ತರದಲ್ಲಿ ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಸವರದೆ ಬಿಟ್ಟರೆ ಗಿಡ ಮರವಾಗಿ ಅಂಚಿನ ಸಾಲುಗಳಿಗೆ ನೆರಳು ಕವಿದು ಇಳುವರಿ ತಗ್ಗುತ್ತದೆ. ಮೇಲಿಂದ ಮೇಲೆ ಸವರಿದ ಗಿಡ ಹೂ ಬಿಡುವುದು ಕಡಿಮೆ. ಆದ್ದರಿಂದ ಬೀಜಕ್ಕೂ ಜೇನುನೊಣಗಳಿಗೂ ಹೊಲದ ಮೂಲೆಯಲ್ಲಿ ಒಂದೆರಡು ಮರಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಬಳಸುವ ಬಗೆ

ರಾಗಿ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಎಳೆಯ ರೆಂಬೆಗಳ ಸೊಪ್ಪನ್ನು ಹೊಲದಲ್ಲಿ ಹರಡಿ, ನೆಲದಲ್ಲಿ ಹದವಿರುವಾಗ ಉತ್ತು ಸೇರಿಸಬೇಕು. ಸೊಪ್ಪು ಬೇಗ ಕೊಳೆಯುತ್ತದೆ. ಉಳಿದ ಕೊಯ್ಲುಗಳ ಸೊಪ್ಪನ್ನು ತೆಂಗಿನ ಪಾತಿಗೆ, ಶುಂಠಿ ಮಡಿಗಳ ಹೊದಿಕೆಗೆ ಅಥವಾ ಕಾಂಪೋಸ್ಟ್ ಗುಂಡಿಗೆ ಬಳಸಬಹುದು.

ಹೊಗೆಸೊಪ್ಪಿನ ಹೊಲಕ್ಕೆ ಮಾತ್ರ ಇದನ್ನು ಮನಬಂದಂತೆ ಹಾಕಬಾರದು. ಎಲೆ ಮಾಗುವ ಹೊತ್ತಿಗೆ ನೆಲದಲ್ಲಿ ಸಾರಜನಕ ಇಳಿದಿರಬೇಕು. ತಡವಾಗಿ ಸಾರಜನಕ ದೊರೆತರೆ ಎಲೆ ಹಸಿರಾಗಿಯೇ ಉಳಿದು, ಬ್ಯಾರನ್‌ನಲ್ಲಿ ಸರಿಯಾದ ಬಣ್ಣಕ್ಕೆ ಬಾರದೆ ದರ್ಜೆ ಕೆಡುತ್ತದೆ.

ಸೊಪ್ಪು ತೆಗೆದ ಕೊಂಬೆಗಳು ಒಲೆಗೆ ಒಳ್ಳೆಯ ಸೌದೆ. ಆದರೆ ಒಂದು ಕಿಲೋ ಹೊಗೆಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕಾಗುವುದರಿಂದ ಬದುವಿನ ಕಡ್ಡಿಗಳನ್ನು ನಂಬಿ ಬ್ಯಾರನ್ ಹೊತ್ತಿಸಲಾಗದು. ಅದಕ್ಕೆ ಸರ್ವೆಯಂಥ ಮರಗಳನ್ನು ಪ್ರತ್ಯೇಕವಾಗಿ ಬೆಳೆಸಿಕೊಳ್ಳಬೇಕು.

ಮೇವಾಗಿ

ವಾಸನೆಯ ಕಾರಣ ದನಗಳು ಮೊದಮೊದಲು ಈ ಸೊಪ್ಪಿಗೆ ಬಾಯಿ ಹಾಕುವುದಿಲ್ಲ. ಬೇಲಿಗೆ ಇದು ಅನುಕೂಲವೇ. ಸೊಪ್ಪನ್ನು ಕೆಲವು ಗಂಟೆ ಬಾಡಿಸಿ ಹುಲ್ಲಿನೊಡನೆ ಬೆರೆಸಿ ಕೊಟ್ಟರೆ ದನ, ಆಡು, ಕುರಿಗಳು ರೂಢಿಮಾಡಿಕೊಳ್ಳುತ್ತವೆ. ಒಟ್ಟು ಮೇವಿನಲ್ಲಿ ಮೂರನೆಯ ಒಂದು ಭಾಗವನ್ನು ಮೀರಬಾರದು. ಕುದುರೆ, ನಾಯಿಗಳಿಗೆ ಇದು ವಿಷ. ತೊಗಟೆ, ಬೀಜಗಳು ತವರಿನಲ್ಲಿ ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದವು. ಹೆಸರಿನ ಅರ್ಥವೂ ಇಲಿಮಾರಿ ಎಂದೇ. ಆದ್ದರಿಂದ ಬೀಜವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಎಲ್ಲ ಬದುಗಳಿಗೂ ಒಂದೇ ವರ್ಷ ಗಿಡ ನೆಡಬೇಕಾಗಿಲ್ಲ. ಬರುವ ಮುಂಗಾರಿಗೆ ರಾಗಿ ಹೊಲದ ಒಂದು ಬದುವಿನಲ್ಲಿ ನೂರು ಕಡ್ಡಿ ನೆಟ್ಟರೆ, ಮುಂದೆ ಉಳಿದ ಬದುಗಳಿಗೆ ಬೇಕಾದ ಕಡ್ಡಿ ಆ ಸಾಲಿನಿಂದಲೇ ದೊರೆಯುತ್ತದೆ. ಹೀಗೆ ಮೂರು ನಾಲ್ಕು ವರ್ಷಗಳಲ್ಲಿ ಹೊಲಕ್ಕೆ ಬೇಕಾದ ಗೊಬ್ಬರದ ಒಂದು ಪಾಲು ಹೊಲದ ಅಂಚಿನಲ್ಲಿಯೇ ಬೆಳೆದು ನಿಲ್ಲುತ್ತದೆ.